‘ಸ’ ಅಕ್ಷರದಲ್ಲಿಲ್ಲದ ಹೆಸರು

ಜೂನ್ 6

ಅಪ್ಪನಿಗೆ,

ನೀವು ಕಳಿಸಿದ ಕಟ್ಟು ಬಂತು. ಅಮ್ಮ ಹೋದ ಮೇಲೆ ಮೂರು ವರ್ಷ ಒಂದು ಸಾಲೂ ಬರೆಯದ ಮಗಳಿಗೆ ಇನ್ನೂರ ಎಂಬತ್ತು ಪುಟದ ಕರಡಚ್ಚು ಕಳಿಸಿದ್ದೀರಿ. ಜೊತೆಗೆ ಒಂದು ಚೀಟಿ: “ಬಿಡುವಾದಾಗ ನೋಡು.” ಹೇಗಿದ್ದೀಯ ಎಂದು ಕೇಳುವಷ್ಟು ಜಾಗ ಚೀಟಿಯಲ್ಲಿ ಇರಲಿಲ್ಲವೇನೋ. ಹೋಗಲಿ, ನಾನೂ ಕೇಳುತ್ತಿಲ್ಲ.

ನಿಮ್ಮ ಹೆಸರುಗಳ ಪುಸ್ತಕವನ್ನು ಕೆಲಸದ ನಡುವೆ ಹೆರಿಗೆ ವಾರ್ಡಿನಲ್ಲೇ ಓದಿದೆ. ದಾದಿಯರ ಕೋಣೆಯ ಮೇಜಿನ ಮೇಲಿಟ್ಟದ್ದೇ ತಪ್ಪಾಯಿತು, ಎಲ್ಲರೂ ಮುಗಿಬಿದ್ದರು. ಡಾಕ್ಟರಮ್ಮ ನಿಂತೇ ಹತ್ತು ಪುಟ ಓದಿದರು. ತಾರಿಕ್ ಎಂದರೆ ಅರಬ್ಬಿಯಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವವನು ಅಂತ ಇದೆಯಲ್ಲ, ಅದನ್ನು ನೋಡಿ, “ನಮ್ಮ ವಾರ್ಡಲ್ಲಿ ಹುಟ್ಟೋ ಎಲ್ಲಾ ಗಂಡುಮಕ್ಕಳಿಗೂ ಇದನ್ನೇ ಇಡಬಹುದು. ಒಂದಾದ್ರೂ ಹೊತ್ತು ನೋಡ್ಕೊಂಡು ಬರುತ್ತಾ?” ಎಂದರು. ಥಾಮಸ್ ಎಂದರೆ ಅವಳಿ ಎಂದು ಓದಿ ಹೇಳಿದಾಗ ಆಯಾ ನೆಲ ಒರೆಸುವುದನ್ನು ನಿಲ್ಲಿಸಿ, “ಹಂಗಾದ್ರೆ ಇನ್ನೊಬ್ಬ ಎಲ್ಲಿ ಹೋದ?” ಎಂದು ಕೇಳಿದಳು. ನಕ್ಕೂ ನಕ್ಕೂ ಸಾಕಾಯಿತು.

ನಾನು ಮೊದಲು ತೆರೆದದ್ದು ‘ಸ’ ಅಕ್ಷರ. ಸಲ್ಮಾ ಇದ್ದಾಳೆ, ಸಾರಾ ಇದ್ದಾಳೆ. ಅವರಿಬ್ಬರ ನಡುವೆ ನಾನಿರಬೇಕಿತ್ತು, ಇಲ್ಲ. ಮೂರು ಸಲ ನೋಡಿದೆ. ಎಲ್ಲಿಯದೋ ಹೆಸರುಗಳನ್ನೆಲ್ಲ ನಲವತ್ತು ವರ್ಷ ಕಾರ್ಡುಗಳಲ್ಲಿ ಬರೆದು ಚಪ್ಪಲಿ ಡಬ್ಬಿಗಳಲ್ಲಿ ಕೂಡಿಟ್ಟಿರಿ. ಮನೆಯಲ್ಲಿ ದಿನಾ ಕೂಗುತ್ತಿದ್ದ ಹೆಸರಿಗೆ ಒಂದು ಕಾರ್ಡು ಸಿಗಲಿಲ್ಲ. ಆದರೆ ‘ಯ’ ಅಕ್ಷರದಲ್ಲಿ ಇದು ಸಿಕ್ಕಿತು: “ಯೆತೆರ್. ತುರ್ಕಿ, ಹೆಣ್ಣು. ‘ಸಾಕು’ ಎಂದರ್ಥ. ಇನ್ನು ಮಕ್ಕಳು ಬೇಡವೆಂದಾಗ ಇಡುವ ಹೆಸರು.” ದೂರದ ಊರಿನ ಹುಡುಗಿಗೆ ಸಾಕು ಎಂದದ್ದನ್ನು ಬರೆಯಲು ನೀವು ಹಿಂಜರಿಯಲಿಲ್ಲ.

ಒಂಬತ್ತು ವರ್ಷದವಳಿದ್ದಾಗ ಪಕ್ಕದ ಮನೆಯ ದರ್ಜಿ ಹೆಂಗಸು ನನ್ನ ಲಂಗದ ಅಳತೆ ತೆಗೆಯುತ್ತಾ ಯಾರಿಗೋ ಹೇಳಿದಳು, “ನಾಲ್ಕನೇದೂ ಹೆಣ್ಣಾಯ್ತಲ್ಲ, ಸಾಕಪ್ಪಾ ಸಾಕು ಅಂತ ಇಟ್ಟಿದ್ದು.” ಮನೆಗೆ ಓಡಿ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, “ಹೂಂ ಕಣೆ, ಹಾಗೇ ಅಂದ್ಕೋ” ಎಂದಳು. ಅವತ್ತಿನಿಂದ ಹಾಗೇ ಅಂದುಕೊಂಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೆಸರು ಬದಲಾಯಿಸಲು ಅರ್ಜಿ ಹಾಕಿದ್ದೇನೆ. ದಾಖಲೆಗಳನ್ನೆಲ್ಲ ಆಗಸ್ಟ್ ಇಪ್ಪತ್ತೈದರೊಳಗೆ ಕೊಟ್ಟರೆ ಮುಗಿಯಿತು. ಹೊಸ ಹೆಸರು ಏನೆಂದು ಹೇಳುವುದಿಲ್ಲ. ಹೇಳಿದರೆ ನೀವು ಅದರ ಬೇರು ಕಿತ್ತು ಒಂದು ಕಾರ್ಡು ಬರೆದುಬಿಡುತ್ತೀರಿ.

ಇತಿ,
ನಿಮ್ಮ ನಾಲ್ಕನೆಯ ಮಗಳು

ಜೂನ್ 17

ಸಾಕಿ,

ನಿನ್ನ ಪತ್ರದಲ್ಲಿ ಒತ್ತಕ್ಷರದ ತಪ್ಪು ಎರಡು ಇದ್ದವು. ತಿದ್ದಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಎರಡು ದಿನ ಅದನ್ನು ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿದ್ದೆ.

ನಿನ್ನ ಡಾಕ್ಟರಮ್ಮನಿಗೆ ಪುಸ್ತಕ ಹಿಡಿಸಿದ್ದು ಸಂತೋಷ. ಆಯಾ ಕೇಳಿದ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ. ಅಚ್ಚುಕೂಟದಲ್ಲಿ ನಾನು ಕರಡು ತಿದ್ದುತ್ತಿದ್ದಾಗ, ಗೊತ್ತಿಲ್ಲದ ಹೆಸರು ಬಂದರೆ ಅದು ಸರಿಯೋ ತಪ್ಪೋ ಎಂದು ನೋಡಲೇಬೇಕಿತ್ತು. ಹಾಗೆ ನೋಡಿ ಬರೆದಿಟ್ಟದ್ದೇ ಈ ಪುಸ್ತಕ. ಮೇಧಾವಿಗಳು ಮಾಡಿದ ಕೆಲಸವಲ್ಲ, ತಪ್ಪಿಗೆ ಹೆದರಿದವನು ಮಾಡಿದ್ದು.

ಹೆಸರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬಾರದು ಮಗಳೇ. ಕ್ಲಾಡಿಯಾ ಹೆಸರಿನ ಬೇರು ಕುಂಟು ಎಂಬರ್ಥದ ಲ್ಯಾಟಿನ್ ಮಾತು, ಸಿಸಿಲಿಯಾದ್ದು ಕುರುಡು. ಆ ಹೆಸರಿನವರು ನೆಟ್ಟಗೇ ನಡೆಯುತ್ತಾರೆ, ಚೆನ್ನಾಗಿಯೇ ನೋಡುತ್ತಾರೆ. ಡೊಲೊರೆಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ದುಃಖಗಳು, ಒಂದಲ್ಲ, ಬಹುವಚನ. ಅದನ್ನಿಟ್ಟುಕೊಂಡೂ ಜನ ನಗುತ್ತಾರೆ. ಮಕ್ಕಳು ಉಳಿಯದ ಮನೆಗಳಲ್ಲಿ ತುರ್ಕಿಯವರು ದುರ್ಸುನ್ ಎಂದು ಇಡುತ್ತಿದ್ದರು, ‘ಇರಲಿ, ಹೋಗದಿರಲಿ’ ಎಂದು. ಯೊರುಬಾದವರ ಕೊಕುಮೊ ಎಂದರೆ ‘ಇನ್ನು ಸಾಯುವುದಿಲ್ಲ’. ಯೋಸೇಫ ಎಂದರೆ ಹೀಬ್ರೂವಿನಲ್ಲಿ ‘ಇನ್ನೂ ಕೊಡಲಿ’. ಹೆಸರು ಇಡುವವರ ಭಯ, ಆಸೆ ಅದರಲ್ಲಿರುತ್ತದೆ. ಇಟ್ಟುಕೊಂಡವರ ಹಣೆಬರಹ ಇರುವುದಿಲ್ಲ.

‘ಸ’ ಅಕ್ಷರದಲ್ಲಿ ನಿನ್ನ ಹೆಸರು ಬಿಟ್ಟುಹೋಗಿದ್ದಕ್ಕೆ ಕಾರಣವೇನೂ ಇಲ್ಲ. ಪುಟ ತುಂಬಿತ್ತು. ಅರ್ಜಿಯನ್ನು ಸ್ವಲ್ಪ ದಿನ ತಡೆಹಿಡಿ. ನಿನ್ನ ದೊಡ್ಡಕ್ಕ ಮಳೆಗಾಲ ಮುಗಿಯುವವರೆಗೂ ನನ್ನ ಜೊತೆ ಇರುತ್ತಾಳಂತೆ. ಕಾಲುನೋವು ಹಾಗೇ ಇದೆ.

ನಿನ್ನ,
ಅಪ್ಪ

ಜುಲೈ 2

ಅಪ್ಪನಿಗೆ,

ಪುಟ ತುಂಬಿರಲಿಲ್ಲ. ಸಾರಾಳ ಕೆಳಗೆ ಆರು ಸಾಲಿನ ಜಾಗ ಖಾಲಿ ಬಿದ್ದಿದೆ. ಸುಳ್ಳು ಹೇಳುವ ಅಭ್ಯಾಸ ನಿಮಗಿಲ್ಲ, ಅದಕ್ಕೇ ಸಿಕ್ಕಿಬೀಳುತ್ತೀರಿ.

ಫೋನು ಮಾಡದೆ ಬರೆಯುತ್ತಿರುವುದೂ ಅದಕ್ಕೇ. ಫೋನಿನಲ್ಲಾದರೆ ಕಾಲುನೋವು, ದೊಡ್ಡಕ್ಕ, ಹವೆ ಅಂತ ಮಾತು ತಿರುಗಿಸುತ್ತೀರಿ. ಕಾಗದದ ಮೇಲಿರುವ ತಪ್ಪನ್ನು ಕಂಡೂ ಬಿಡುವುದು ನಿಮ್ಮಿಂದ ಆಗುವುದಿಲ್ಲ.

ನಮ್ಮಲ್ಲಿ ಹುಟ್ಟಿದ ಕೂಡಲೇ ಮಗುವಿನ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತೇವೆ. ಅದರಲ್ಲಿ ಮಗುವಿನ ಹೆಸರು ಇರುವುದಿಲ್ಲ, ‘ಇಂಥವಳ ಮಗು’ ಎಂದಷ್ಟೇ ಬರೆಯುತ್ತೇವೆ. ದಿನಕ್ಕೆ ಎಂಟೋ ಹತ್ತೋ ಪಟ್ಟಿ ನಾನೇ ಕಟ್ಟುತ್ತೇನೆ. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದಾಗ ತಾಯಂದಿರ ಮುಖ ನೋಡುತ್ತೇನೆ. ಕೆಲವರು ಆ ಕಡೆ ತಿರುಗಿಕೊಳ್ಳುತ್ತಾರೆ. ಆಗೆಲ್ಲ ನನಗೆ ಅಮ್ಮ ನೆನಪಾಗುತ್ತಾಳೆ. ಅವಳೂ ತಿರುಗಿಕೊಂಡಿದ್ದಳಾ? ನಿಮ್ಮನ್ನು ಕೇಳುತ್ತಿದ್ದೇನೆ. ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು, ಲ್ಯಾಟಿನ್ನು ಹೀಬ್ರೂ ಬೇಡ.

ಅರ್ಜಿಯ ಜೊತೆ ಜನನ ದಾಖಲೆಯ ನಕಲು ಕೊಡಬೇಕಂತೆ. ನನ್ನ ಬಳಿ ಶಾಲೆಯ ಪತ್ರ ಬಿಟ್ಟರೆ ಏನೂ ಇಲ್ಲ. ಹೋದ ವಾರ ರಜೆ ಹಾಕಿ ನಾವು ಮೊದಲಿದ್ದ ಹಳೆಯ ಊರಿಗೇ ಹೋಗಿ ಬಂದೆ. ದಾಖಲೆ ಕಚೇರಿಯ ಗುಮಾಸ್ತರು ಒಳ್ಳೆಯವರು. ರಟ್ಟು ಕಿತ್ತ ದಪ್ಪ ಪುಸ್ತಕಗಳನ್ನು ಇಳಿಸಿ, ಬೆರಳಿಗೆ ನೀರು ಹಚ್ಚಿಕೊಂಡು ಒಂದೊಂದೇ ಹಾಳೆ ತಿರುವಿದರು. ದೊಡ್ಡಕ್ಕ ಸಿಕ್ಕಿದಳು, ನಡುವಿನಕ್ಕ ಸಿಕ್ಕಿದಳು, ಚಿಕ್ಕಕ್ಕನೂ ಸಿಕ್ಕಿದಳು. ನಾನು ಸಿಗಲಿಲ್ಲ. ಹಿಂದೆ ಮುಂದೆ ಎರಡೆರಡು ವರ್ಷ ನೋಡಿದರು. “ನಿಮ್ಮ ತಂದೆತಾಯಿ ಹೆಸರಲ್ಲಿ ಮೂರೇ ಮಕ್ಕಳು ಕಣಮ್ಮ ಇರೋದು. ಬೇರೆ ಊರಲ್ಲಿ ಹುಟ್ಟಿರಬೇಕು, ಮನೇಲಿ ವಿಚಾರಿಸಿ” ಎಂದರು.

ವಿಚಾರಿಸುತ್ತಿದ್ದೇನೆ. ನಾನು ಹುಟ್ಟಿದ್ದು ಎಲ್ಲಿ?

ನಿಮ್ಮ ಮಗಳು

ಜುಲೈ 9

ಸಾಕಿ,

ಹಳೆಯ ಕಾಗದಗಳ ಪೆಟ್ಟಿಗೆ ಅಟ್ಟದ ಮೇಲಿದೆ. ಯಾರನ್ನಾದರೂ ಹತ್ತಿಸಿ ತೆಗೆಸಬೇಕು. ಹುಡುಕಿ ಬರೆಯುತ್ತೇನೆ. ಆಗಿನ ಕಾಲದಲ್ಲಿ ಎಷ್ಟೋ ಹುಟ್ಟು ಬರೆಸದೇ ಹೋಗುತ್ತಿದ್ದವು, ಗುಮಾಸ್ತರಿಗೂ ಗೊತ್ತಿರುತ್ತದೆ.

ಅಮ್ಮ ತಿರುಗಿಕೊಳ್ಳಲಿಲ್ಲ.

ಅಪ್ಪ

ಜುಲೈ 30

ಅಪ್ಪ,

ಮೂರು ವಾರ ಆಯಿತು. ಅಟ್ಟ ಅಷ್ಟು ಎತ್ತರ ಇದ್ದದ್ದು ನನಗೆ ನೆನಪಿಲ್ಲ.

ದೊಡ್ಡಕ್ಕನಿಗೆ ಫೋನು ಮಾಡಿದೆ. ನಾನು ಹುಟ್ಟಿದಾಗ ಅವಳು ಹನ್ನೆರಡು ವರ್ಷದವಳು, ಎಲ್ಲ ಗೊತ್ತಿರಲೇಬೇಕು. “ನನ್ನ ಬಾಯಿ ಬಿಡಿಸ್ಬೇಡ, ಅಪ್ಪನ್ನೇ ಕೇಳು” ಎಂದು ಇಟ್ಟುಬಿಟ್ಟಳು. ಬಾಯಿ ಬಿಡಿಸಬೇಡ ಎಂದರೆ ಬಿಡುವಂಥದ್ದು ಏನೋ ಇದೆ ಎಂದಾಯಿತು.

ನಾನು ಇಪ್ಪತ್ತು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ. ಬಿಟ್ಟುಹೋದ ಮಕ್ಕಳನ್ನು ನೋಡಿದ್ದೇನೆ, ಎತ್ತಿಕೊಂಡು ಹೋದವರನ್ನೂ ನೋಡಿದ್ದೇನೆ. ನನಗೆ ಏನು ಅನುಮಾನ ಬಂದಿದೆ ಎಂದು ಬಿಡಿಸಿ ಬರೆಯುವುದಿಲ್ಲ. ನೀವೇ ಬರೆಯಿರಿ. ಬರೆಯದಿದ್ದರೆ, ದಾಖಲೆ ಇಲ್ಲ ಎಂದು ಒಂದು ಪ್ರಮಾಣಪತ್ರ ಮಾಡಿಸಿಕೊಂಡು ಇಪ್ಪತ್ತೈದಕ್ಕೆ ಅರ್ಜಿ ಮುಗಿಸುತ್ತೇನೆ. ಆಮೇಲೆ ಸಾಕಿ ಎಂದು ನೀವು ಬರೆದ ಪತ್ರ ನನ್ನ ವಿಳಾಸಕ್ಕೆ ಬಂದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ವಾಪಸು ಕಳಿಸುತ್ತೇನೆ. ಹೆದರಿಸುತ್ತಿದ್ದೇನೆ ಎಂದುಕೊಳ್ಳಿ.

ಆಗಸ್ಟ್ 8

ಮಗಳೇ,

ಅಟ್ಟದಲ್ಲಿ ಪೆಟ್ಟಿಗೆ ಇಲ್ಲ. ಹುಡುಕುವುದಕ್ಕೂ ಏನೂ ಇಲ್ಲ.

ಹಳೆಯ ಊರಿನ ಅಚ್ಚುಕೂಟದಲ್ಲಿ ಹಾಳೆ ಮಡಿಸುವ ಮೇಜಿನಲ್ಲಿ ಒಬ್ಬಳು ಹೆಂಗಸು ಕೆಲಸ ಮಾಡುತ್ತಿದ್ದಳು. ಮೂಳೆಯ ಪಟ್ಟಿಯಿಂದ ಹಾಳೆ ಒತ್ತಿ ಮಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಡ ತೀರಿಕೊಂಡಿದ್ದ. ಬೇರೆ ಎಲ್ಲಿಂದಲೋ ಎಳೆಮಗುವನ್ನು ಎತ್ತಿಕೊಂಡು ಬಂದು ಕೆಲಸಕ್ಕೆ ಸೇರಿದವಳು. ಕತ್ತರಿಸಿದ ಕಾಗದದ ಚೂರು ತುಂಬುವ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ, ಕಾಲಿನಿಂದ ಬುಟ್ಟಿ ತೂಗುತ್ತಾ ಕೆಲಸ ಮಾಡುತ್ತಿದ್ದಳು. ನಿನ್ನ ಅಮ್ಮ ನನಗೆ ಬುತ್ತಿ ತಂದಾಗಲೆಲ್ಲ ಆ ಮಗುವನ್ನು ಎತ್ತಿಕೊಂಡು ಒಂದು ಸುತ್ತು ಹಾಕಿಸಿ ಬರುತ್ತಿದ್ದಳು. ಆ ಹೆಂಗಸಿಗೆ ಕಾಮಾಲೆಯಾಯಿತು. ಹದಿನಾಲ್ಕು ದಿನ. ಅಷ್ಟೂ ದಿನ ಮಗು ನಮ್ಮ ಮನೆಯಲ್ಲೇ ಇತ್ತು. ಹದಿನೈದನೆಯ ದಿನ ಮಗುವನ್ನು ವಾಪಸು ಕೊಡೋಣವೆಂದರೆ ಅವಳೇ ಉಳಿದಿರಲಿಲ್ಲ. ಆಗ ನೀನು ಏಳು ತಿಂಗಳಿನವಳು. ಅವಳು ನಿನ್ನನ್ನು ಮಗು ಎಂದೇ ಕರೆಯುತ್ತಿದ್ದಳು. ಬೇರೆ ಹೆಸರಿದ್ದರೂ ನಮಗೆ ಹೇಳಲಿಲ್ಲ, ನಾವು ಕೇಳಲಿಲ್ಲ. ಹೆಸರುಗಳ ಪುಸ್ತಕ ಮಾಡಿದವನು ಅದೊಂದನ್ನು ಕೇಳಲಿಲ್ಲ.

ಶಾಲೆಗೆ ಸೇರಿಸುವಾಗ ನಾನು ಒಂದು ಒಳ್ಳೆಯ ಹೆಸರು ಹುಡುಕಿದ್ದೆ. ಶಾಂತಿ ಎಂಬರ್ಥದ ಗ್ರೀಕ್ ಹೆಸರು ಐರೀನ್, ಅದರ ಮೇಲೆ ನನಗೆ ಮನಸ್ಸಿತ್ತು. ಅಮ್ಮ ಒಪ್ಪಲಿಲ್ಲ. “ನಾನು ಹೆತ್ತೆ ಅಂತ ಯಾರ ಹತ್ರಾನೂ ಸುಳ್ಳು ಹೇಳಲ್ಲ. ಹೆತ್ತವಳು ಪಾಪ ಅಷ್ಟು ಕಷ್ಟಪಟ್ಟು ಹೆತ್ತಿದಾಳೆ, ಅದನ್ನ ಕಿತ್ಕೊಳ್ಳೋದು ಬೇಡ. ನಾನು ಸಾಕಿದ್ದು. ಸಾಕಿ ಅಂತಾನೇ ಕರೀತೀನಿ. ದೊಡ್ಡವಳಾದ್ಮೇಲೆ ಕೇಳಿದ್ರೆ ಹೆಸರೇ ಹೇಳುತ್ತೆ” ಎಂದಳು. ಸಾಕುಮಗಳು, ಸಾಕಿದವಳು, ಆ ಸಾಕು. ಕನ್ನಡದಲ್ಲಿ ಸಾಕು ಎರಡಿದೆ, ಕೇಳಿದವರ ಕಿವಿಗೆ ಯಾವುದು ಮೊದಲು ಬೀಳುತ್ತದೆ ಎಂದು ಅವಳು ಯೋಚಿಸಲೇ ಇಲ್ಲ. ನಾನು ಯೋಚಿಸಬೇಕಿತ್ತು, ನನ್ನ ಕಸುಬೇ ಅದು.

ಈ ಊರಿಗೆ ಬಂದ ಮೇಲೆ ದರ್ಜಿ ಹೆಂಗಸು ಆ ಮಾತು ಆಡಿದಳು, ನೀನು ಓಡಿ ಬಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು ಎಂದು ಬರೆದಿದ್ದೀಯ. ನಾನು ಒಳಗಿನ ಕೋಣೆಯಲ್ಲಿದ್ದೆ, ಎಲ್ಲ ಕೇಳಿಸಿತು. ನೀನು ಹೊರಗೆ ಹೋದ ಮೇಲೆ ಬಂದು ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. “ಒಂಬತ್ತು ವರ್ಷದ ಮಗು ರೀ. ನಾನು ನಿನ್ನ ಹೆತ್ತಿಲ್ಲ ಅನ್ನೋದಕ್ಕಿಂತ ಬೇಜಾರಾಗಿ ಹೆತ್ತೆ ಅನ್ನೋದು ವಾಸಿ ಅನ್ನಿಸ್ತು. ಆಮೇಲೆ ಹೇಳೋಣ” ಎಂದಳು. ಆಮೇಲೆ ಎಂಬುದು ಬರಲೇ ಇಲ್ಲ. ನಿನಗೆ ಹತ್ತಾಯಿತು, ಹದಿನೈದಾಯಿತು, ನೀನು ಮುಖ ತಿರುಗಿಸಿಕೊಂಡು ಓಡಾಡಲು ಶುರು ಮಾಡಿದೆ. ಹೇಳಿದರೆ ಪೂರ್ತಿ ಹೋಗಿಬಿಡುತ್ತೀಯ ಎಂದು ಅವಳಿಗೆ ಹೆದರಿಕೆ. ನನಗೆ ಅವಳಿಗಿಂತ ಹೆಚ್ಚು.

ಪುಸ್ತಕಕ್ಕೆ ನಿನ್ನ ಕಾರ್ಡು ಬರೆದಿದ್ದೆ. ಒಂದು ಅರ್ಥ ಮಾತ್ರ ಬರೆದರೆ ಸುಳ್ಳಾಗುತ್ತಿತ್ತು. ಎರಡೂ ಬರೆದರೆ ನೀನು ಕೇಳುತ್ತಿದ್ದೆ. ಹರಿದುಹಾಕಿದೆ. ಆದರೂ ಕಟ್ಟನ್ನು ನಿನಗೇ ಕಳಿಸಿದೆ. ನಿನ್ನ ಹೆಸರು ಇಲ್ಲದ್ದನ್ನು ನೀನೇ ಕಂಡುಹಿಡಿಯಬೇಕೆಂಬ ಆಸೆ ಎಲ್ಲೋ ಇತ್ತು ಅಂತ ಕಾಣುತ್ತದೆ.

ನಾವು ಯಾರೂ ನಿನಗೆ ಸಾಕು ಎನ್ನಲಿಲ್ಲ. ಅರ್ಜಿ ಮುಗಿಸುವುದಾದರೆ ಮುಗಿಸು, ಅಡ್ಡ ಬರುವ ಹಕ್ಕು ನನಗಿಲ್ಲ.

ಅಪ್ಪ ಎಂದು ಬರೆಯಬಹುದೋ ಇಲ್ಲವೋ ನೀನೇ ಹೇಳು.

ಆಗಸ್ಟ್ 14

ಅಪ್ಪ,

ಬರೆಯಬಹುದು. ಅದರಲ್ಲಿ ಕೇಳುವುದೇನಿದೆ.

ನಿಮ್ಮ ಪತ್ರವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ, ಬೀರುಗಳ ನಡುವೆ ನಿಂತು ಓದಿದೆ. ಆಮೇಲೆ ಹೋಗಿ ಮೂರು ಪಟ್ಟಿ ಕಟ್ಟಿದೆ. ಮನೆಗೆ ಬಂದ ಮೇಲೆ ಅತ್ತೆ. ಹೆತ್ತವಳಿಗಾಗಿ ಅಲ್ಲ, ಅವಳ ಮುಖವೂ ನನಗೆ ಗೊತ್ತಿಲ್ಲ. ಅವಳಿಗಾಗಿ ಅಳುವುದು ನಿಧಾನವಾಗಿ ಬರಬಹುದು. ಅತ್ತದ್ದು ಅಮ್ಮನಿಗಾಗಿ. ನಾನು ಬೇಡದೇ ಹುಟ್ಟಿದವಳು ಎಂದು ಅವಳಿಗೆ ಮೂವತ್ತು ವರ್ಷ ಕೊಂಕು ಮಾತಾಡಿದೆನಲ್ಲ ಅಪ್ಪ. ಕೊನೆಯ ಸಲ ಬಂದಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಿನಗೆ ಸಾಕಾಗಿದ್ದವಳು ನಾನು, ಇನ್ನು ಕರೀಬೇಡ” ಎಂದು ಹೇಳಿ ಹೋದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅದಾಗಿ ಐದು ತಿಂಗಳಿಗೆ ಹೋದಳು. ಹೆತ್ತಿಲ್ಲ, ಸಾಕಿದ್ದು ಎಂಬ ಆ ಒಂದು ಮಾತು ಅವತ್ತೂ ಅವಳ ಬಾಯಿಂದ ಬರಲಿಲ್ಲ.

ಈಗ ಒಂದೇ ಒಂದು ಪ್ರಶ್ನೆ. ಇಷ್ಟು ದಿನ ಕೇಳಬೇಕೆಂದೇ ಹೊಳೆದಿರಲಿಲ್ಲ.

ಅಮ್ಮ ಹೋದ ಮೇಲೆ ನಾನು ಬಂದಾಗ ದೊಡ್ಡಕ್ಕ ಹೇಳಿದಳು, ಕೊನೆಯ ಮೂರು ದಿನ ಅಮ್ಮ ಬಾಯಿಗೆ ಚಮಚ ಹಿಡಿದರೆ ತಲೆ ಆ ಕಡೆ ಮಾಡಿ, ‘ಸಾಕು, ಸಾಕು’ ಎನ್ನುತ್ತಿದ್ದಳಂತೆ. ಅದಕ್ಕೇ ನೀರು ಕುಡಿಸುವುದನ್ನೂ ನಿಲ್ಲಿಸಿದರಂತೆ, ಯಾರಿಗೂ ಹೇಳಿಕಳಿಸಲೂ ಇಲ್ಲವಂತೆ. ಅಂಥ ಹೊತ್ತಿನಲ್ಲಿ ಮಾತು ಹೇಗೆ ಬರುತ್ತದೆಂದು ನಾನು ನೋಡಿದ್ದೇನೆ. ಅರ್ಧ ಉಸಿರೇ ಇರುತ್ತದೆ. ಕು ಎನ್ನಲು ತುಟಿ ದುಂಡಗಾಗಿ ಮುಂದೆ ಬರಬೇಕು. ಕಿ ಎನ್ನಲು ಹಿಂದಕ್ಕೆ ಹೋದರೆ ಆಯಿತು. ತಲೆ ಆ ಕಡೆ ಮಾಡುತ್ತಿದ್ದಳು ಎಂದರೆ ಯಾವ ಕಡೆ? ಬಾಗಿಲು ಇದ್ದದ್ದು ಆ ಕಡೆಯೇ ಅಲ್ಲವೇ?

ಅಕ್ಕನಿಗೆ ವ್ಯತ್ಯಾಸ ತಿಳಿಯದೇ ಹೋಗಿರಬಹುದು. ನೀವು ಮಂಚದ ಪಕ್ಕದಲ್ಲೇ ಕೂತಿದ್ದಿರಿ. ಕ ಅಕ್ಷರಕ್ಕೆ ಕು ಆಗಿಸುವ ಕೊಂಬೋ, ಕಿ ಆಗಿಸುವ ಗುಡಿಸೋ ಎಂದು ನಲವತ್ತು ವರ್ಷ ನೋಡಿದವರು. ಅಮ್ಮ ಹೇಳಿದ್ದು ಯಾವುದು?

ನನ್ನ ಸಮಾಧಾನಕ್ಕೆ ಅಂತ ಏನನ್ನೂ ಬರೆಯಬೇಡಿ.

ನಿಮ್ಮ ಮಗಳು

ಆಗಸ್ಟ್ 19

ಮಗಳೇ,

ಗುಡಿಸು. ಕೊಂಬಲ್ಲ.

ಮೊದಲನೆಯ ದಿನವೇ ನನಗೆ ಸರಿಯಾಗಿ ಕೇಳಿಸಿತ್ತು. ದೊಡ್ಡಕ್ಕ, “ಸಾಕಂತೆ ಅಪ್ಪ, ತೊಂದ್ರೆ ಕೊಡೋದು ಬೇಡ” ಎಂದು ಚಮಚವನ್ನು ಬಟ್ಟಲಿನಲ್ಲಿಟ್ಟಳು. ನಾನು ತಿದ್ದಲಿಲ್ಲ. ನಿನ್ನನ್ನು ಕರೆಸಿದರೆ ಅಮ್ಮ ಎಲ್ಲ ಹೇಳಿಬಿಡುತ್ತಾಳೆ, ಹೇಳಿದರೆ ಅವಳ ಜೊತೆಗೆ ನೀನೂ ಹೋಗುತ್ತೀಯ, ಒಂದೇ ವಾರದಲ್ಲಿ ಇಬ್ಬರನ್ನು ಕಳೆದುಕೊಳ್ಳಲಾರೆ ಎಂದುಕೊಂಡೆ. ಮೂರು ದಿನ ಕರೆದಳು. ಮೂರನೆಯ ದಿನ ಮಧ್ಯಾಹ್ನ ನಿಲ್ಲಿಸಿದಳು.

ಬೇರೆಯವರ ತಪ್ಪುಗಳನ್ನು ತಿದ್ದಿ ಜೀವನ ಮಾಡಿದೆ. ಇದನ್ನು ಕೇಳಿಸಿಕೊಂಡೂ ಬಿಟ್ಟೆ. ಕ್ಷಮಿಸು ಎಂದು ಬರೆದು ಮೂರು ಸಲ ಹೊಡೆದುಹಾಕಿದ್ದೇನೆ, ಅದನ್ನು ಕೇಳುವ ಯೋಗ್ಯತೆ ನನಗಿಲ್ಲ.

ಅಪ್ಪ

ಆಗಸ್ಟ್ 26

ಅಪ್ಪ,

ನಿನ್ನೆ ಕಚೇರಿಗೆ ಹೋಗಿದ್ದೆ. ಪ್ರಮಾಣಪತ್ರ ಕೈಯಲ್ಲೇ ಇತ್ತು, ಎಲ್ಲ ಕಾಗದ ಸರಿಯಾಗಿತ್ತು. ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ನನ್ನ ಸರದಿ ಬಂದಾಗ ಒಳಗಿನಿಂದ ಗುಮಾಸ್ತೆ ಅರ್ಜಿಯಲ್ಲಿದ್ದ ಹಳೆಯ ಹೆಸರನ್ನು ಜೋರಾಗಿ ಕೂಗಿದಳು, ಎರಡು ಸಲ. ನಾನು ಎದುರಿಗೇ ನಿಂತಿದ್ದೆ. “ಕರೀತಿದೀನಲ್ಲಮ್ಮ, ನೀವೇ ತಾನೆ?” ಎಂದು ಸ್ವಲ್ಪ ರೇಗಿದಳು.

“ಹೌದು, ನಾನೇ” ಎಂದೆ. ಮೂರು ವರ್ಷ ತಡವಾಗಿ ಓಗೊಟ್ಟ ಹಾಗಾಯಿತು. ಅಲ್ಲೇ ಅಳು ಬಂತು, ಆಕೆ ಗಾಬರಿಯಾಗಿ ನೀರು ಕೊಟ್ಟಳು. ಅರ್ಜಿ ವಾಪಸು ತೆಗೆದುಕೊಂಡು ಬಂದೆ. ಅಮ್ಮ ಮೂರು ದಿನ ಕರೆದದ್ದು ಒಬ್ಬಳನ್ನು, ಈಗ ಆ ಹೆಸರಿನವಳೇ ಇಲ್ಲದ ಹಾಗೆ ಮಾಡಲು ನನ್ನಿಂದ ಆಗಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಅಷ್ಟು ಬೇಗ ಹೋಗುವುದೂ ಇಲ್ಲ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಬಂದು ಜಗಳ ಆಡುತ್ತೇನೆ, ಆಮೇಲೆ ಊಟ ಮಾಡುತ್ತೇನೆ. ಅಮ್ಮ ಯಾವ ದನಿಯಲ್ಲಿ ಕರೆಯುತ್ತಿದ್ದಳು ಎಂದು ನೀವು ಒಂದು ಸಲ ಕರೆದು ತೋರಿಸಬೇಕು.

ಸಾಕಿ